ಅಕ್ಕನ ಕಾರಿನ ಶನಿವಾರ

ಶನಿವಾರ ಬೆಳಗಿನ ಐದೂವರೆ. ದಕ್ಷಿಣ ಸಾಗರದ ನಡುವಿನ ನಮ್ಮ ದ್ವೀಪದ ಪಾಂಗಾಯ್ ಊರಿನ ಹಂದಿಗಳು ಕೂಡ ಇನ್ನೂ ಎದ್ದಿಲ್ಲ. ದೀವಿಹಲಸಿನ ಮರದ ಕೆಳಗೆ ನಿಂತಿರುವ ಹಳೆಯ ಬಿಳಿ ಕಾರಿನ ಬಾನೆಟ್ ಎತ್ತಿ, ಊರಿನ ಮೆಕ್ಯಾನಿಕ್ ಕೆಲೆಪಿ ಎಂಜಿನ್ ಎಣ್ಣೆಯ ಮುಚ್ಚಳ ತಿರುಗಿಸುತ್ತಾರೆ. ಮುಚ್ಚಳದ ಒಳಮೈಗೆ ಕೆನೆಯಂಥ ತಿಳಿಹಳದಿ ಗಸಿ ಮೆತ್ತಿಕೊಂಡಿದೆ. ಅದನ್ನು ಬೆರಳಲ್ಲಿ ಬಳಿದು, ಮೂಸಿ ನೋಡಿ, ನನ್ನ ಮುಂದೆ ಹಿಡಿಯುತ್ತಾರೆ.

"ನೋಡಿ ಟೀಚರ್, ಒಂದು ಭಾನುವಾರದ ಭಕ್ತಿ ಇಷ್ಟು ಗಸಿ ಕಟ್ಟುತ್ತೆ," ಎನ್ನುತ್ತಾರೆ, ದನಿ ತಗ್ಗಿಸಿ. ಕಾರು ಅವರ ಅಕ್ಕನದು. ಅಕ್ಕ ಮಲಗುವ ಕೋಣೆಯ ಕಿಟಕಿ ಹತ್ತು ಹೆಜ್ಜೆಯಾಚೆ ಇದೆ.

ಈ ಕಾರು ವಾರದಲ್ಲಿ ಓಡುವುದು ಒಂದೇ ದಿನ. ಭಾನುವಾರ ಮನೆಯಿಂದ ಚರ್ಚಿಗೆ ಆರುನೂರು ಮೀಟರ್, ಚರ್ಚಿನಿಂದ ಮನೆಗೆ ಆರುನೂರು ಮೀಟರ್. ಮಿಕ್ಕ ಆರು ದಿನ ಹಳೆಯ ಚಾಪೆ ಹೊದ್ದು ಮಲಗಿರುತ್ತದೆ. ಎಂಜಿನ್ ಬೆಚ್ಚಗಾಗುವ ಮೊದಲೇ ಆಫ್ ಆಗುವುದರಿಂದ ಒಳಗಿನ ನೀರಾವಿ ಎಣ್ಣೆಗೆ ಸೇರಿ ಗಸಿಯಾಗುತ್ತದೆ. ನಮ್ಮ ದ್ವೀಪದ ಕಾರುಗಳಲ್ಲಿ ಅರ್ಧಕ್ಕರ್ಧದ ಕಾಯಿಲೆ ಇದೇ. ವಾರಕ್ಕೆ ನಾಲ್ಕಾದರೂ ಕಾರುಗಳು ಕೆಲೆಪಿಯ ಕೈಗೆ ಬರುತ್ತವೆ. ಕೂಲಿ ಅಂತ ಅವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲಿನ ಶಾಲೆಗೆ ಪಾಠ ಹೇಳಲು ಬಂದ ಈ ಹದಿನಾರು ವರ್ಷದಲ್ಲಿ ನಾನು ಕೇಳಿಲ್ಲ. ಒಬ್ಬರು ಗೆಣಸು ತಂದಿಟ್ಟು ಹೋದರೆ ಇನ್ನೊಬ್ಬರು ಮೀನು ತಂದಿಟ್ಟು ಹೋಗುತ್ತಾರೆ.

ಕೆಲೆಪಿಗೆ ಈಗ ಅರವತ್ತಮೂರು. ಇಪ್ಪತ್ತೆರಡು ವರ್ಷ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದರು. ಆ ಗದ್ದಲಕ್ಕೆ ಎಡಗಿವಿ ಪೂರ್ತಿ ಹೋಯಿತು. ಈಗ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್‌ಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಸದ್ದು ಕೇಳುತ್ತಾರೆ. ನೋಡಿದವರಿಗೆ ನಗು ಬರುತ್ತದೆ. ನಾನೂ ನಕ್ಕಿದ್ದೇನೆ, ಸುಳ್ಳೇಕೆ.

ಅವರ ಮದ್ದು ಸರಳ. ಎಂಜಿನ್ ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆರಿಸಿ, ಹಳೆ ಎಣ್ಣೆಗೇ ಅರ್ಧ ಲೀಟರ್ ಸೀಮೆಎಣ್ಣೆ ಸುರಿಯುತ್ತಾರೆ. ಮತ್ತೆ ಐದು ನಿಮಿಷ ನಿಂತಲ್ಲೇ ಓಡಿಸುತ್ತಾರೆ, ಆಕ್ಸಿಲರೇಟರ್ ಮುಟ್ಟುವಂತಿಲ್ಲ. ಆಮೇಲೆ ಎಲ್ಲವನ್ನೂ ಬಸಿದು, ಹಳೆಯ ಅಂಗಿಯ ಬಟ್ಟೆಯಲ್ಲಿ ಸೋಸಿ, ಲೋಹದ ಚೂರೇನಾದರೂ ಮಿನುಗುತ್ತದೆಯೇ ಎಂದು ಬಿಸಿಲಿಗೆ ಹಿಡಿಯುತ್ತಾರೆ. ಎಂಜಿನ್‌ಗೆ ಹೊಸ ಎಣ್ಣೆ ತುಂಬಿದ ಮೇಲೆ, ಬಸಿದ ಎಣ್ಣೆ ಗೆದ್ದಲು ಹಿಡಿಯದಂತೆ ಬೇಲಿ ಗೂಟಗಳಿಗೆ ಹೋಗುತ್ತದೆ.

"ಅರ್ಧ ಲೀಟರ್ ಅಂದ್ರೆ ಅರ್ಧ ಲೀಟರ್. ಆಸೆಬುರುಕರು ಎರಡು ಲೀಟರ್ ಸುರೀತಾರೆ. ಗಸಿ ಎಲ್ಲ ಒಂದೇ ಸಲ ಕಿತ್ಕೊಂಡು ಬಂದು ಎಣ್ಣೆ ಹೀರೋ ಜಾಲರಿಗೆ ಅಡರಿಕೊಳ್ಳುತ್ತೆ. ಎಣ್ಣೆ ಮೇಲಕ್ಕೆ ಹೋಗಲ್ಲ, ಎಂಜಿನ್ ಕಥೆ ಮುಗೀತು," ಎನ್ನುತ್ತಾರೆ.

ಸೀಮೆಎಣ್ಣೆಯಾದರೂ ವಾಸಿ. ಇದೇ ಬೀದಿಯ ಫಿನೌ ಎಂಬಾತ ಒಮ್ಮೆ ಎಂಜಿನ್‌ಗೆ ಮನೆಯಲ್ಲಿ ತೆಗೆದ ಕೊಬ್ಬರಿ ಎಣ್ಣೆ ಹಾಕಿದ್ದ. ಮೊಣಕಾಲು ನೋವಿಗೆ, ಕೂದಲಿಗೆ, ಹಸುಗೂಸಿಗೆ ಎಲ್ಲಕ್ಕೂ ಅಜ್ಜಿ ಅದನ್ನೇ ಹಚ್ಚುತ್ತಿದ್ದಳು, ಕಾರಿಗೇಕೆ ಬೇಡ ಎನ್ನುವುದು ಅವನ ಲೆಕ್ಕ. ಒಂದು ವಾರ ಕಾರು ಮದುವೆಮನೆಯ ಹಾಗೆ ಘಮಘಮಿಸಿತು. ಇಲ್ಲಿ ಚಳಿಗಾಲ ಬರುವುದು ಜುಲೈಗೆ; ಆ ಚಳಿಗೆ ಎಣ್ಣೆ ಗಡ್ಡೆ ಕಟ್ಟಿ, ನಾಲ್ಕು ಜನ ತಳ್ಳಿಕೊಂಡು ಕೆಲೆಪಿಯ ಅಂಗಳಕ್ಕೆ ತಂದರು.

"ಏನಪ್ಪಾ, ಕಾರಿಗೆ ತಲೆ ಬಾಚಿ ಹೂನೂ ಮುಡಿಸಿದ್ಯಾ?" ಎಂದು ಕೇಳಿದರಂತೆ ಕೆಲೆಪಿ. ಫಿನೌ ಇವತ್ತಿಗೂ ಅವರ ಕಣ್ಣು ತಪ್ಪಿಸಿಯೇ ಓಡಾಡುತ್ತಾನೆ.

ಇಷ್ಟು ಹರಟುವ ಮನುಷ್ಯ ಅಕ್ಕನ ಅಂಗಳದಲ್ಲಿ ಮಾತ್ರ ಪಿಸುಗುಡುತ್ತಾರೆ. ಇಲ್ಲಿ ಅಕ್ಕ ಎಂದರೆ ತಮ್ಮನಿಗಿಂತ ಒಂದು ಮೆಟ್ಟಿಲು ಮೇಲೆ. ಬೆಳೆದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಹರಟುವಂತಿಲ್ಲ, ತಮ್ಮ ಅವಳೆದುರು ತಮಾಷೆ ಮಾಡುವಂತಿಲ್ಲ, ಅವಳಿಗೆ ಬುದ್ಧಿ ಹೇಳುವುದಂತೂ ದೂರದ ಮಾತು. ಈಚಿನವರು ಇದನ್ನೆಲ್ಲ ಸಡಿಲ ಮಾಡಿಕೊಂಡಿದ್ದಾರೆ. ಕೆಲೆಪಿ ಮತ್ತು ಅವರ ಅಕ್ಕ ಲೋಸೇಲಿ ಹಳೆಯ ಕಾಲದವರು. ಅಕ್ಕ ಎಚ್ಚರವಾಗಿ, ಚಾಪೆ ಹೆಣೆಯುವ ಹೆಂಗಸರು ಬರುವ ಹೊತ್ತಿಗೆ ಕೆಲೆಪಿ ಜಾಗ ಖಾಲಿ ಮಾಡಿರುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಲೋಟ ಚಹಾ, ಇಲ್ಲಿ ‘ಕೇಕೆ’ ಎನ್ನುವ ಕರಿದ ಸಿಹಿ ಹಿಟ್ಟಿನ ಉಂಡೆಗಳ ತಟ್ಟೆ ಇರುತ್ತದೆ. ಯಾರು ಯಾವಾಗ ಇಟ್ಟರು ಎಂದು ಅವರು ಕೇಳುವುದಿಲ್ಲ.

"ನಿಮಗೇನಾದರೂ ಆಸೆ ಇದೆಯಾ?" ಎಂದು ಕೇಳುತ್ತೇನೆ. ತುಂಬ ಹೊತ್ತು ಕೈ ಒರೆಸಿಕೊಳ್ಳುತ್ತಾರೆ.

"ಒಂದು ಉದ್ದನೆ ರಸ್ತೆ ಇರಬೇಕು ಟೀಚರ್. ನಮ್ಮದು ಇಲ್ಲಿಂದ ಶುರುವಾಗಿ ಅಲ್ಲೇ ಸಮುದ್ರಕ್ಕೆ ಬೀಳುತ್ತೆ. ನಾನು ಓಡಿಸ್ತಿರಬೇಕು, ಅಕ್ಕನವರು ಹಿಂದೆ ಕೂತಿರಬೇಕು. ಮಾತೇನೂ ಬೇಡ. ಎಂಜಿನ್ ಚೆನ್ನಾಗಿ ಕಾಯೋವರೆಗೆ ಹೋಗ್ತಾ ಇರಬೇಕು, ಅಷ್ಟೇ." ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೋ ಏನೋ, ಬಾನೆಟ್ಟಿನೊಳಗೆ ತಲೆ ತೂರಿಸಿಬಿಡುತ್ತಾರೆ.

ಈ ಶನಿವಾರ ಸೀಮೆಎಣ್ಣೆ ಸಾಕಾಗುವುದಿಲ್ಲ. ಎಂಜಿನ್ ಶುರು ಮಾಡಿದರೆ, ಎಣ್ಣೆ ಮೇಲೇರಿಲ್ಲ ಎಂದು ತೋರಿಸುವ ಕೆಂಪು ದೀಪ ಆರುವುದೇ ಇಲ್ಲ. ಸ್ಕ್ರೂಡ್ರೈವರ್ ಕಚ್ಚಿ ನಿಂತ ಕೆಲೆಪಿಯ ಮುಖ ಕಪ್ಪಿಡುತ್ತದೆ. "ಒಳಗೆ ಬಡೀತಿದೆ. ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿ ಪೂರ್ತಿ ತೊಳೀಬೇಕು. ಇಲ್ಲದಿದ್ರೆ ಇದರ ಆಯುಸ್ಸು ಮುಗೀತು. ಅಕ್ಕನವರ ಒಪ್ಪಿಗೆ ಕೇಳಿ ಟೀಚರ್. ಹಾಗೇ, ಇನ್ಮೇಲೆ ವಾರಕ್ಕೊಂದು ಸಲ ಸೇತುವೆ ದಾಟಿ ಫೋವಾ ದ್ವೀಪದ ತುದೀವರೆಗೆ ಓಡಿಸೋಕೆ ಹೇಳಿ. ಎಂಜಿನ್ ಕಾದ್ರೆ ಗಸಿ ಕಟ್ಟಲ್ಲ. ನಾನು ಹೇಳೋ ಹಾಗಿಲ್ಲ, ನೀವು ಹೇಳಿದ್ರೆ ಕೇಳಬಹುದು."

ಎಂಟು ಗಂಟೆಗೆ ಚಾಪೆಯ ಮೇಲೆ ಲೋಸೇಲಿಯ ಎದುರು ಕೂರುತ್ತೇನೆ. ಎಪ್ಪತ್ತೊಂದು ವಯಸ್ಸಾದರೂ ಅವರ ಬೆರಳುಗಳು ಕೇದಗೆಯ ಎಳೆಗಳ ನಡುವೆ ಸರಸರ ಓಡುತ್ತವೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಪಕ್ಕದ ಹೆಂಗಸರು ನೀರಿಗೆ ಎದ್ದುಹೋಗುವವರೆಗೆ ಹೆಣೆಯುತ್ತಲೇ ಇರುತ್ತಾರೆ.

"ಕಾರು ಕಾದ್ರೆ ಗಸಿ ಕಟ್ಟಲ್ಲ ಅಂತ ನನ್ನ ಗಂಡ ಬದುಕಿದ್ದಾಗಲೇ ಹೇಳಿದ್ದ," ಎನ್ನುತ್ತಾರೆ. "ನನಗೆ ಗೊತ್ತಿಲ್ವಾ? ಗಸಿ ಕಟ್ಟದೇ ಇದ್ರೆ ನನ್ನ ತಮ್ಮ ಶನಿವಾರ ಯಾಕೆ ಬರ್ತಾನೆ, ಹೇಳಿ."

ಕೇದಗೆಯ ಇನ್ನೊಂದು ಎಳೆ ಎತ್ತಿಕೊಂಡು ಅವರೇ ಮುಂದುವರಿಸುತ್ತಾರೆ.

"ಅಮ್ಮ ಹೋದಾಗ ಅವನಿಗೆ ಎರಡು ವರ್ಷ. ನನ್ನ ಸೊಂಟದ ಮೇಲೇ ಬೆಳೆದ. ಹನ್ನೆರಡಕ್ಕೆ ಹುಡುಗರು ಮಲಗೋ ಮನೆಗೆ ಹೋದ. ಅದು ಸರೀನೇ, ದೊಡ್ಡವನಾದ ಮೇಲೆ ಅಕ್ಕ ಇರೋ ಮನೇಲಿ ಮಲಗೋ ಹಾಗಿಲ್ಲ, ಹೋಗಲೇಬೇಕಲ್ಲ. ಆಮೇಲೆ ಹಡಗು. ಈಗ ಶನಿವಾರ ಬೆಳಗ್ಗೆ ಕಿಟಕಿ ಪಕ್ಕ ಮಲಗಿ, ಅವನು ಸ್ಪ್ಯಾನರ್ ಬೀಳಿಸೋದು, ಗೊಣಗೋದು, ಕೆಮ್ಮೋದು ಎಲ್ಲ ಕೇಳ್ತೀನಿ. ನನ್ನ ಪಾಲಿಗೆ ಅಷ್ಟೇ ಅವನು." ಎಳೆಯೊಂದು ತಪ್ಪುತ್ತದೆ, ಬಿಚ್ಚಿ ಮತ್ತೆ ಹೆಣೆಯುತ್ತಾರೆ. "ಪೂರ್ತಿ ತೊಳೆದ್ರೆ ಕಾರು ಉಳಿಯುತ್ತಾ?"

"ಉಳಿಯುತ್ತೆ ಅಂತಾರೆ."

"ಹಾಗಾದ್ರೆ ತೊಳೀಲಿ. ಈ ಮಾತು ಅವನಿಗೆ ಹೇಳಬೇಡಿ."

ಹೇಳಿಲ್ಲ. ನಾನಿದನ್ನು ಬರೆಯುತ್ತಿರುವ ಕನ್ನಡ ಪುರವಣಿ ಪಾಂಗಾಯ್‌ಗೆ ಬರುವುದೂ ಇಲ್ಲ.

ಮುಂದಿನ ಶನಿವಾರ ಕತ್ತಲಿರುವಾಗಲೇ ಕೆಲೆಪಿ ಕಾರಿನಡಿ ಮಲಗಿದ್ದಾರೆ. ಬಿಚ್ಚಿದ ತೊಟ್ಟಿಯ ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಗಸಿ. ಎಣ್ಣೆ ಹೀರುವ ಜಾಲರಿಯನ್ನು ಬೆಳಕಿಗೆ ಹಿಡಿದರೆ ಆಚೆಗೆ ಏನೂ ಕಾಣುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೂಲೆ ಕೆದಕಿ, ಕೊನೆಗೆ ಕೋಳಿಯ ಪುಕ್ಕದಿಂದ ಜಾಲರಿಯ ಒಂದೊಂದು ಕಣ್ಣನ್ನೂ ಬಿಡಿಸುತ್ತಾರೆ. ಎಣ್ಣೆ ಸೋರದಂತೆ ಬಿಸ್ಕತ್ತು ಡಬ್ಬದ ರಟ್ಟು ಕತ್ತರಿಸಿ ಅಂಚಿಗೆ ಕೂರಿಸಿ, ತೊಟ್ಟಿ ಬಿಗಿದು, ಹೊಸ ಎಣ್ಣೆ ತುಂಬುತ್ತಾರೆ. ಈ ಸಲ ಬೆಳಗ್ಗೆ ಹತ್ತಾದರೂ ಹೆಂಗಸರು ಬಂದಿಲ್ಲ. ಇವತ್ತು ಬರಬೇಡಿ ಎಂದು ಲೋಸೇಲಿ ಹೇಳಿ ಕಳಿಸಿದ್ದಾರೆಂದು ನನಗೆ ಆಮೇಲೆ ಗೊತ್ತಾಗುತ್ತದೆ. ಎಂಜಿನ್ ಹತ್ತಿಕೊಂಡ ಕೂಡಲೇ ಕೆಂಪು ದೀಪ ಆರುತ್ತದೆ. ಕಿಟಕಿಯ ಪರದೆ ಒಮ್ಮೆ ಅಲುಗುತ್ತದೆ. ಕೆಲೆಪಿ ಅತ್ತ ನೋಡುವುದಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕೆಲೆಪಿ, ನಾನು ಚರ್ಚಿನ ಗೋಡೆಯ ಬಳಿ ನಿಂತಿದ್ದೇವೆ. ಲೋಸೇಲಿ ಓಡಿಸುತ್ತಿರುವ ಬಿಳಿ ಕಾರು ಗೇಟು ದಾಟುತ್ತದೆ. ಸದ್ದು ಹೊಲಿಗೆ ಯಂತ್ರದಷ್ಟು ಸಲೀಸು. ಎಡಕ್ಕೆ ತಿರುಗಿದರೆ ಫೋವಾ ರಸ್ತೆ, ಬಲಕ್ಕೆ ಮನೆ. ಕೆಲೆಪಿ ಬಲಗಿವಿಯನ್ನು ಆ ಕಡೆಗೆ ಒಡ್ಡಿ ಕಾಯುತ್ತಾರೆ. ಕಾರು ಬಲಕ್ಕೆ ತಿರುಗುತ್ತದೆ. ಎರಡು ನಿಮಿಷಕ್ಕೆ ಎಂಜಿನ್ ಸದ್ದು ನಿಲ್ಲುತ್ತದೆ.

ಚರ್ಚಿಗೆಂದು ಇಲ್ಲಿನ ರೂಢಿಯಂತೆ ಸೊಂಟಕ್ಕೆ ಸುತ್ತಿದ ಚಾಪೆಯನ್ನು ಸರಿಮಾಡಿಕೊಳ್ಳುತ್ತ ಅವರು ತಲೆಯಾಡಿಸುತ್ತಾರೆ. ಬೇಸರವಾಗಿರಬೇಕೆಂದು ಮುಖ ನೋಡುತ್ತೇನೆ, ಹಾಗೇನೂ ಕಾಣುವುದಿಲ್ಲ.

"ಅಕ್ಕನವರು ಮಾತು ಕೇಳೋದೇ ಇಲ್ಲ ಟೀಚರ್," ಎನ್ನುತ್ತಾರೆ. "ಮತ್ತೆ ಗಸಿ ಕಟ್ಟುತ್ತೆ. ಶನಿವಾರ ಬಂದು ನೋಡಲೇಬೇಕು."