ಈಶಾನ್ಯ ಮೂಲೆಯ ಪಾಯಿಖಾನೆ

ಬಾಡಿಗೆಗೆ ಬಂದವನು ತಾನು ವಾಸಿಸುವ ಮನೆಯನ್ನು ತಾನೇ ಏಕೆ ಕೆಡಿಸುತ್ತಾನೆ? ಪತ್ತೇದಾರಿ ಕಾದಂಬರಿಗಳಲ್ಲಿ ಇದಕ್ಕೆ ಕೊಡುವ ಕಾರಣಗಳು ನನಗೆ ಒಪ್ಪಿಗೆಯಾಗುವುದಿಲ್ಲ. ನಿಜವಾದ ಕಾರಣವನ್ನು ನಾನು ವಿಜಯಲಕ್ಷ್ಮೀ ಅವರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಹಾವೇರಿ ಕಡೆಯ ಈ ಹೆಣ್ಣುಮಗಳ ಪತಿ ಗುರುದತ್ತ ನಮ್ಮ ಬ್ಯಾಂಕಿನ ವಿಶಾಖಪಟ್ಟಣ ಶಾಖೆಯಲ್ಲಿ ಅಧಿಕಾರಿಯಾಗಿದ್ದರು. ಅಲ್ಲಿಯ ದುವ್ವಾಡ ರೈಲು ನಿಲ್ದಾಣದಿಂದ ಹದಿನೈದು ನಿಮಿಷದ ನಡಿಗೆಯ ದೂರದಲ್ಲಿ ಮನೆ ಕಟ್ಟಿಸಿ, ಈಶಾನ್ಯದಲ್ಲಿ ಬಾವಿ ತೋಡಿಸಿದರು. ಸಿಹಿನೀರು ಬಂದ ಸಂತೋಷಕ್ಕೆ ಬಾಟಲಿಗಳಲ್ಲಿ ತಂದು ಶಾಖೆಯವರಿಗೆಲ್ಲ ಕುಡಿಸಿದ್ದರು. 2004ರ ಜನವರಿ 19ರಂದು ಹೃದಯಾಘಾತದಿಂದ ತೀರಿಕೊಂಡರು. ಅನುಕಂಪದ ಆಧಾರದ ಮೇಲೆ ಪತ್ನಿಗೆ ಗುಮಾಸ್ತೆಯ ಕೆಲಸ ದೊರೆತು, ಅವರು ವಿಜಯವಾಡದ ಒನ್ ಟೌನಿನಲ್ಲಿ ನಾನು ಮ್ಯಾನೇಜರಾಗಿದ್ದ ಶಾಖೆಗೆ ಬಂದರು.

"ವಾಪಸ್ ವರ್ಗ ಆದ ದಿನ ನಮ್ಮ ಬಾವಿ ನೀರು ಕುಡೀತೇನ್ರಿ ಸರ" ಎನ್ನುತ್ತಿದ್ದರು. ಅಲ್ಲಿಯವರೆಗೆ ಇರಲೆಂದು ಮನೆಯನ್ನು ಲಿಂಗರಾಜು ಎಂಬ ನಿವೇಶನಗಳ ದಲ್ಲಾಳಿಗೆ ಬಾಡಿಗೆಗೆ ಕೊಟ್ಟರು.

2007ರ ಮಾರ್ಚ್‌ನಲ್ಲಿ ಆತನ ಫೋನ್ ಬಂತು. "ಅಮ್ಮಗಾರೂ, ನಿಮ್ಮ ಮನೆಗೆ ವಾಸ್ತು ದೋಷವಿದೆಯಂತೆ. ಯಾರೂ ಮುಟ್ಟುವುದಿಲ್ಲ. ಅರ್ಧ ಬೆಲೆಗಾದರೂ ನಾನೇ ಕೊಂಡು ನಿಮ್ಮ ಭಾರ ಇಳಿಸುತ್ತೇನೆ."

ಆ ಭಾನುವಾರ ನಾವಿಬ್ಬರೂ ರೈಲಿನಲ್ಲಿ ಹೋದೆವು. ಬಾವಿ ಇರಲಿಲ್ಲ. ಅದನ್ನು ಕಲ್ಲು, ಇಟ್ಟಿಗೆ ಚೂರುಗಳಿಂದ ಮುಚ್ಚಿ, ಅದರ ಪಕ್ಕಕ್ಕೇ ನೀಲಿ ಬಾಗಿಲಿನ ಪಾಯಿಖಾನೆ ಕಟ್ಟಿಸಿದ್ದ. ಈಶಾನ್ಯದಲ್ಲಿ ಪಾಯಿಖಾನೆಯಿರುವ ಮನೆಯನ್ನು ಆಂಧ್ರದಲ್ಲಿ ಪುಕ್ಕಟೆ ಕೊಟ್ಟರೂ ಒಲ್ಲೆನ್ನುತ್ತಾರೆ. ಅಗ್ಗಕ್ಕೆ ಕೊಂಡು, ಒಂದೇ ದಿನದಲ್ಲಿ ಅದನ್ನು ಒಡೆಸಿ, ಪೂರ್ತಿ ಬೆಲೆಗೆ ಮಾರುವುದು ಅವನ ಹಂಚಿಕೆ. ಅದಕ್ಕೆಂದೇ ಒಬ್ಬ ವಾಸ್ತು ಸಿದ್ಧಾಂತಿಯನ್ನೂ ತಂದು ಕೂರಿಸಿದ್ದ. ಗುರುದತ್ತ ತೀರಿಕೊಂಡ, ಪಾಯಿಖಾನೆ ಕಟ್ಟಿಸಿದ ತಾರೀಖುಗಳನ್ನು ಮಾತ್ರ ಸಿದ್ಧಾಂತಿಗೆ ಹೇಳಿರಲಿಲ್ಲ.

"ನಿಮ್ಮ ಯಜಮಾನರನ್ನು ಬಲಿ ತೆಗೆದುಕೊಂಡದ್ದು ಈ ಪಾಯಿಖಾನೆಯೇ, ತಾಯೀ" ಎಂದರು ಅವರು.

ಲಿಂಗರಾಜು ನೆಲ ನೋಡಿದ. ವಿಜಯಲಕ್ಷ್ಮೀ ಅವರ ಮುಖದಲ್ಲಿ ಏನೂ ಕದಲಲಿಲ್ಲ. "ದೋಷ ತಟ್ಟುವುದು ಮನೆ ಒಡೆಯರಿಗೋ, ಇರುವವರಿಗೋ?" ಎಂದು ತೆಲುಗಿನಲ್ಲಿ ಕೇಳಿದರು.

"ಇರುವವರಿಗೆ. ಅದರಲ್ಲೂ ಹಿರಿಯ ಮಗನಿಗೆ."

"ಹಾಗಾದರೆ ಮೊದಲು ಶಾಂತಿ ಪೂಜೆ. ಮಾರುವ ಮಾತು ಆಮೇಲೆ."

ಹೊರಡುವಾಗ ಲಿಂಗರಾಜುವಿನ ಮೇಜಿನಿಂದ ಒಂದು ಕರಪತ್ರ ತೆಗೆದುಕೊಂಡರು. ಅವನಿಂದ ನಿವೇಶನ ಕೊಂಡ ಅರವತ್ತೆರಡು ಮಂದಿ ಸಂತೃಪ್ತ ಗ್ರಾಹಕರ ಹೆಸರು, ಫೋನ್ ನಂಬರು ಅದರಲ್ಲಿ ಅಚ್ಚಾಗಿದ್ದವು.

ರೈಲಿನಲ್ಲಿ ನಾನು ಕೋರ್ಟಿನ ಮಾತೆತ್ತಿದೆ. "ಕೋರ್ಟು ಬ್ಯಾಡ್ರಿ ಸರ. ಅವ ಬಾವಿ ಮುಚ್ಚ್ಯಾನ, ಕುಣಿ ನಾ ತೋಡ್ತೇನಿ" ಎಂದರು.

ಏಪ್ರಿಲ್ 22ರ ಪೂಜೆಗೆ ಅರವತ್ತೆರಡರಲ್ಲಿ ಐವತ್ತಮೂರು ಮಂದಿ ಬಂದರು. ಯಾರು ಕರೆದರೆಂದು ಲಿಂಗರಾಜುವಿಗೆ ತಿಳಿಯುವಷ್ಟರಲ್ಲಿ ಅವರೆಲ್ಲ ಚಾಪೆಯ ಮೇಲೆ ಕುಳಿತಾಗಿತ್ತು. ಮಂಗಳಾರತಿಯ ನಂತರ ವಿಜಯಲಕ್ಷ್ಮೀ ಕೈಮುಗಿದು, "ಸಿದ್ಧಾಂತಿಗಾರೂ, ಅಂದು ಹೇಳಿದ್ದನ್ನು ಎಲ್ಲರಿಗೂ ಹೇಳಬೇಕು" ಎಂದರು. ಸಭೆ ಕಂಡ ಸಿದ್ಧಾಂತಿ ಇನ್ನಷ್ಟು ವಿಸ್ತಾರವಾಗಿ ಹೇಳಿದರು.

ಮೆಣಸಿನಕಾಯಿ ವ್ಯಾಪಾರದ ಕೋಟೇಶ್ವರಮ್ಮ ಎದ್ದರು. "ಏಮಯ್ಯಾ ಲಿಂಗರಾಜೂ, ನನ್ನ ಸೈಟಿನ ವಾಸ್ತು ಸರಿಯಿದೆಯೆಂದು ಆಣೆಯಿಟ್ಟಿದ್ದೆಯಲ್ಲ. ನೀನು ಮಲಗುವುದು ಇಂಥ ಮನೆಯಲ್ಲಾ?"

ಲಿಂಗರಾಜುವಿನ ಹೆಂಡತಿ ಅನ್ನಪೂರ್ಣಮ್ಮ ಹಿರಿಯ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದನ್ನು ಕಂಡು ಗಂಡ ಗಾಬರಿಯಾದ. "ದೋಷವೂ ಇಲ್ಲ, ಗೀಷವೂ ಇಲ್ಲ ಕಣೇ. ಅದನ್ನು ಹೋದ ನವೆಂಬರಿನಲ್ಲಿ ನಾನೇ ಕಟ್ಟಿಸಿದ್ದು" ಎಂದುಬಿಟ್ಟ.

"ನವೆಂಬರಿನಲ್ಲೇ? ಹಾಗಾದರೆ 2004ರಲ್ಲಿ ನನ್ನ ಯಜಮಾನರನ್ನು ಬಲಿ ತೆಗೆದುಕೊಂಡದ್ದು ಯಾವ ಪಾಯಿಖಾನೆ?" ಎಂದರು ವಿಜಯಲಕ್ಷ್ಮೀ.

ಸಿದ್ಧಾಂತಿ ಪಂಚಾಂಗ ಮಡಚಿದರು. ಅನ್ನಪೂರ್ಣಮ್ಮ ಗಂಡನನ್ನೇ ದಿಟ್ಟಿಸಿ, "ದೋಷವೆಂದು ಗೊತ್ತಿದ್ದೂ ಮಗನಿರುವ ಮನೆಯಲ್ಲಿ ಕಟ್ಟಿಸಿದಿರಾ?" ಎಂದಳು. ಆ ಮಧ್ಯಾಹ್ನವೇ ಅನಕಾಪಲ್ಲಿಯ ತವರಿಗೆ ಬಸ್ಸು ಹತ್ತಿದಳು. ಮೇ 15ಕ್ಕೆ ಲಿಂಗರಾಜು ಮನೆ ಖಾಲಿ ಮಾಡಿದ.

ಆಗಸ್ಟಿನಲ್ಲಿ ಅವನು ಗಾಜುವಾಕದಲ್ಲಿ ಹೊಸ ಕಚೇರಿ ತೆರೆದ. ಅದರ ಪೂಜೆಯ ದಿನ, ತಾವು ಒಡೆಸಿದ್ದ ಪಾಯಿಖಾನೆಯ ಬೇಸಿನ್ನನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ವಿಜಯಲಕ್ಷ್ಮೀ ಆಟೋದಲ್ಲಿ ಉಡುಗೊರೆಯಾಗಿ ಕಳುಹಿಸಿದರು. ಹಿಂದಿನ ಸೀಟಿನಲ್ಲಿ ಅದನ್ನು ಹಿಡಿದು ಕುಳಿತವನು ನಾನು. ಇದರ ಬಗ್ಗೆ ನನಗೆ ಕಿಂಚಿತ್ತೂ ಪಶ್ಚಾತ್ತಾಪವಿಲ್ಲ.

ಮರುವರ್ಷ ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಬಾವಿಯಿಂದ ಹದಿನೇಳು ಟ್ರ್ಯಾಕ್ಟರ್ ಕಲ್ಲುಮಣ್ಣು ತೆಗೆಸಿದರು. ನೀರೇನೋ ಬಂತು, ಆದರೆ 2009ರ ಮೇ ತಿಂಗಳಲ್ಲಿ ನಾನು ನೋಡಿದಾಗಲೂ ಕೆಂಪಗೆ ಕದಡಿಯೇ ಇತ್ತು. ಬೆಳಿಗ್ಗೆ ಒಂದು ಕೊಡ ಸೇದಿ, ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದು ನೋಡಿ, ಅಷ್ಟನ್ನೂ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದರು.

ಲಿಂಗರಾಜು ಎರಡು ಸಲ ಕ್ಷಮೆ ಕೇಳಿ ಹೇಳಿಕಳುಹಿಸಿದ್ದನಂತೆ. ಏನೆಂದಿರಿ ಎಂದು ಕೇಳಿದೆ.

"ನೀರು ತಿಳಿ ಆಗ್ಲಿ, ಆಮ್ಯಾಲೆ ನೋಡೂಣು ಅಂದೇನ್ರಿ" ಎಂದು ಖಾಲಿ ಕೊಡವನ್ನು ಮಗುಚಿಟ್ಟರು.