ಲತಾಳ ಬ್ಯಾಗಿನಲ್ಲಿದ್ದ ಪಟ್ಟಿ

ಬ್ಯಾಕಪ್ ಇಡುವ ಯಂತ್ರವೂ ಯಂತ್ರವೇ. ಅದೂ ಕೆಡುತ್ತದೆ. ಇಷ್ಟು ತಿಳಿಯಲು ಯಾವ ಡಿಗ್ರಿಯೂ ಬೇಡ. ಆದರೂ ಹಾಸನದ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಇದು ತಲೆಗೆ ಹೋಗಿದ್ದು ಒಬ್ಬಳಿಗೇ, ಗಣಕದ ಕೋಣೆ ನೋಡಿಕೊಳ್ಳುತ್ತಿದ್ದ ದುದ್ದದ ಲತಾಳಿಗೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಖೆಗಳ ರೋಗಿಗಳ ವಿವರವೆಲ್ಲ ಹಾಸನದ ಒಂದು ಮೈನ್‌ಫ್ರೇಮಿನಲ್ಲಿತ್ತು. ಯಾವುದೋ ಕಂಪನಿ ಬೇಡವೆಂದು ಮಾರಿದ್ದ, ಬೀರುವಿನಷ್ಟು ಎತ್ತರದ ಗಣಕ. ಪಕ್ಕದಲ್ಲೇ ಬ್ಯಾಕಪ್ ಸರ್ವರ್. ಅದು ಎಲ್ಲವನ್ನೂ ಟೇಪಿಗೆ ನಕಲು ಮಾಡುತ್ತಿತ್ತು; ಟೇಪುಗಳ ಜೋಡಿ ಪ್ರತಿಗಳು ದಿನಾ ಬೆಳಗ್ಗೆ ಜೀಪಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದವು. ಯಾವ ರೋಗಿಯ ಮಾಹಿತಿ ಯಾವ ಟೇಪಿನಲ್ಲಿದೆ ಎಂಬ ಪಟ್ಟಿ ಮಾತ್ರ ಆ ಸರ್ವರಿನ ಹೊಟ್ಟೆಯಲ್ಲೇ ಇತ್ತು. ಪಟ್ಟಿ ಹೋದರೆ ಆರುನೂರು ಟೇಪು ಇದ್ದೂ ಇಲ್ಲದಂತೆ. "ಅದು ರೋಗಿಯ ದಾಖಲೆಯಲ್ಲ" ಎಂದು ಮ್ಯಾನೇಜರ್ ಸಂಪತ್ಕುಮಾರ ಅದನ್ನು ಜೀಪಿನ ಲೆಕ್ಕಕ್ಕೇ ಸೇರಿಸಿರಲಿಲ್ಲ.

ಲತಾ ಜಗಳಕ್ಕೆ ನಿಲ್ಲಲಿಲ್ಲ. ಪ್ರತಿ ಶುಕ್ರವಾರ ಉಳಿದ ನಕಲೆಲ್ಲ ಮುಗಿಯುವ ತನಕ ಕಾಯುವಳು. ಕಟ್ಟಕಡೆಗೆ, ಯಾರೂ ಏನೂ ಮುಟ್ಟದಂತೆ ನೋಡಿಕೊಂಡು, ಆ ಪಟ್ಟಿಯನ್ನೇ ಒಂದು ಬೇರೆ ಟೇಪಿಗೆ ಇಳಿಸುವಳು. ತಾರೀಖು ಬರೆದು, ಬ್ಯಾಗಿಗೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತುವಳು. ಅಲ್ಲಿನ ಹಳೆಯ ಬದಲಿ ಗಣಕದಲ್ಲಿ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಟೇಪಿನಿಂದ ವಾಪಸ್ ಎಬ್ಬಿಸಿ ನೋಡುವಳು. ಎಬ್ಬಿಸುವ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆದಿಟ್ಟಿದ್ದಳು; ಯಂತ್ರದೊಳಗೆ ಬರೆದಿಟ್ಟರೆ ಯಂತ್ರದ ಜೊತೆಗೇ ಅದೂ ಹೋಗುತ್ತದಲ್ಲ!

"ಲತವ್ವಾ, ಆ ಡಬ್ಬೀನ ಮಗೀನಂಗೆ ಎತ್ಕೊಂಡು ಓಯ್ತೀಯಲ್ಲ, ಅಳಾಕಿಲ್ವಾ ಅದು?" ಎಂದು ಅಟೆಂಡರ್ ಲಕ್ಕಯ್ಯ ಕಿಚಾಯಿಸುವನು.

"ಇದು ಅತ್ರೆ ನೀವೆಲ್ಲಾ ಅಳ್ಬೇಕಾಯ್ತದೆ ಕಣ ಲಕ್ಕಯ್ಯಣ್ಣ."

2024ರ ಆಯುಧಪೂಜೆ ಶುಕ್ರವಾರವೇ ಬಂತು. ಪೂಜೆಗೆಂದು ಯಂತ್ರ ನಿಲ್ಲಿಸುವ ಮೊದಲೇ ಲತಾ ಪಟ್ಟಿಯ ಟೇಪು ತೆಗೆದುಕೊಂಡಿದ್ದಳು. ಸಂಪತ್ಕುಮಾರ ಪಂಚೆಯುಟ್ಟು, ಸಾಂಬ್ರಾಣಿ ಹೊಗೆಯಾಡುವ ಧೂಪಾರತಿ ಹಿಡಿದು ಗಣಕದ ಕೋಣೆಯೊಳಗೇ ನುಗ್ಗಿದರು.

"ಸಾ, ಧೂಪ ಬಾಗ್ಲಾಚೆ ಇಟ್ಕಳಿ ಸಾ. ಮ್ಯಾಗಡೆ ಒಗೆ ಕಂಡ್ರೆ ನೀರು ಬಿಡೋ ಪೈಪವ್ವೆ."

"ವರ್ಷಕ್ಕೊಂದು ದಿನ ಕಣ್ರೀ. ದೇವರ ಕಾರ್ಯಕ್ಕೆ ಅಡ್ಡ ಮಾತಾಡಬೇಡಿ."

ಅಡ್ಡ ಮಾತಾಡಿದ್ದು ಪೈಪು. ಲಕ್ಕಯ್ಯ ಬೂದುಗುಂಬಳ ಎತ್ತುವಷ್ಟರಲ್ಲಿ ಚಾವಣಿಯಿಂದ ನೀರು ಸುರಿಯಿತು. ಮೈನ್‌ಫ್ರೇಮೂ ತೊಯ್ದಿತು, ಬ್ಯಾಕಪ್ ಸರ್ವರೂ ತೊಯ್ದಿತು.

ಲತಾಳಿಗೆ ನೆನಪಾದದ್ದು ಹರದನಹಳ್ಳಿಯ ಕೃಷ್ಣಮ್ಮ. ಸೋಮವಾರ ಹೊಳೆನರಸೀಪುರದಲ್ಲಿ ಆಕೆಗೆ ಆಪರೇಷನ್ ಎಂದು ಅಲ್ಲಿಂದ ಫೋನು ಬಂದಿತ್ತು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಮೈಗೆ ಒಗ್ಗದೆ ಸಾಯುವಂತಾಗಿದ್ದಳು. ಅದರ ಹೆಸರು ಆ ಹೆಂಗಸಿಗೆ ಗೊತ್ತಿಲ್ಲ, ಗಣಕಕ್ಕೆ ಗೊತ್ತಿತ್ತು.

"ಎಲ್ಲಾ ಹೋಯ್ತಲ್ರೀ ಲತಾ!" ಸಂಪತ್ಕುಮಾರರ ಕೈಯಲ್ಲಿ ಧೂಪಾರತಿ ಇನ್ನೂ ಹಾಗೇ ಇತ್ತು.

"ಏನೂ ಓಗಿಲ್ಲ ಸಾ." ಬ್ಯಾಗು ಅವಳ ಹೆಗಲಲ್ಲೇ ಇತ್ತು. "ಮೇನ್ ಸ್ವಿಚ್ ಆಫ್ ಮಾಡ್ಸಿ, ಬೀಗ ಆಕಿ. ಒಣಗ್ತು ಅಂತ ಯಾರೂ ಆನ್ ಮಾಡ್ಬಾರ್ದು. ನಾ ಚನ್ರಾಯಪಟ್ಣಕ್ಕೆ ಓಯ್ತೀನಿ."

"ನಾನೇ ಕಾರಲ್ಲಿ ಬಿಡ್ತೀನಿ ಬನ್ನಿ."

"ಬ್ಯಾಡಿ ಸಾ. ನೀವಿಲ್ಲೇ ಬಾಗ್ಲು ಕಾಯಿರಿ."

ಬಾಳೆಕಂದು ಕಟ್ಟಿದ್ದ ಬಸ್ಸಿನಲ್ಲಿ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಹೊರಟಳು. ಶಾಂತಿಗ್ರಾಮ ದಾಟುವ ಹೊತ್ತಿಗೆ ನೋಟ್‌ಬುಕ್ ಇನ್ನೊಮ್ಮೆ ಓದಿ ಮುಗಿಸಿದ್ದಳು. ಚನ್ನರಾಯಪಟ್ಟಣದಲ್ಲಿ ಮೊದಲು ಪಟ್ಟಿಯನ್ನು ಬದಲಿ ಗಣಕಕ್ಕೆ ಇಳಿಸಿದಳು. ಆಮೇಲೆ ಪಟ್ಟಿ ಹೇಳಿದ ಟೇಪುಗಳನ್ನು ಒಂದೊಂದಾಗಿ ಹಾಕಿದಳು. ಒಂದು ಟೇಪು ಮೊಂಡಾಟ ಮಾಡಿತು. ಹಿಂದಿನ ದಿನದ ಪ್ರತಿ ಹಾಕಿ ಮುಂದೆ ಹೋದಳು. ನಾಡೆಲ್ಲ ಬನ್ನಿ ಹಂಚುತ್ತಿದ್ದ ಶನಿವಾರ ಸಂಜೆ ಕೃಷ್ಣಮ್ಮನ ಪುಟ ತೆರೆಯಿತು. ಕೆಂಪು ಅಕ್ಷರದಲ್ಲಿ ಇಂಜೆಕ್ಷನ್ನಿನ ಹೆಸರು.

ಲತಾ ಹೊಳೆನರಸೀಪುರಕ್ಕೆ ಫೋನು ಮಾಡಿ ಆ ಹೆಸರನ್ನು ನರ್ಸಿನ ಬಾಯಲ್ಲಿ ಎರಡು ಸಲ ಹೇಳಿಸಿದಳು. ಸೋಮವಾರ ಬೇರೆ ಮದ್ದು ಕೊಟ್ಟರು. ಕೃಷ್ಣಮ್ಮ ಎದ್ದು ಕೂತು ಕಾಫಿ ಕೇಳಿದಳು.

ಟ್ರಸ್ಟಿನ ವರದಿ ಬಂತು: "ಸಂಸ್ಥೆಯ ಮುನ್ನೆಚ್ಚರಿಕೆ ವ್ಯವಸ್ಥೆಯಿಂದ ಅನಾಹುತ ತಪ್ಪಿತು." ಯಾವ ವ್ಯವಸ್ಥೆ ಸ್ವಾಮಿ? ಒಬ್ಬ ಹೆಂಗಸು, ಒಂದು ಬ್ಯಾಗು, ಒಂದು ನೋಟ್‌ಬುಕ್ಕು. ಅವಳಿಗೆ ಶುಕ್ರವಾರ ಜ್ವರ ಬಂದಿದ್ದರೆ?

ವರದಿ ಓದಿದ ಲತಾ ನಕ್ಕು ಸುಮ್ಮನಾಗಲಿಲ್ಲ. ಪಟ್ಟಿಯ ಟೇಪನ್ನು ದಿನಾ ಜೀಪಿಗೆ ಹಾಕಬೇಕೆಂದು ಆದೇಶ ಬರೆಸಿ, ಸಂಪತ್ಕುಮಾರರ ಎದುರೇ ಕೂತು ಸಹಿ ಮಾಡಿಸಿಕೊಂಡಳು.

ನಿಮ್ಮ ಹೆಸರೂ ಯಾವುದೋ ಆಸ್ಪತ್ರೆಯ ಗಣಕದಲ್ಲಿದೆ. ನಾಳೆಯೇ ಹೋಗಿ ಕೇಳಿ: ನಿಮ್ಮ ಬ್ಯಾಕಪ್ಪಿನ ಬ್ಯಾಕಪ್ ಯಾವ ಊರಲ್ಲಿದೆ, ಅದನ್ನು ಕಡೆಯ ಸಲ ಎಬ್ಬಿಸಿ ನೋಡಿದ್ದು ಯಾವತ್ತು? ತಾರೀಖು ಹೇಳುವ ತನಕ ಕುರ್ಚಿ ಬಿಟ್ಟು ಏಳಬೇಡಿ.