ಥಂಡಿ ಮಾವನ ಕೋಣೆ

ನನ್ನ ಸೋದರಮಾವನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ಥಂಡಿ ಮಾವ. ಗುಡ್ಡದ ಮೇಲಿನ ರೇಡಿಯೋ ದೂರದರ್ಶಕದಲ್ಲಿ ಅಲೆ ಹಿಡಿಯುವ ಯಂತ್ರವನ್ನು ತಣ್ಣಗಿಡುವುದೇ ಅವನ ಕೆಲಸ.

"ಆಕಾಶದಲ್ಲಿ ಕಗ್ಗತ್ತಲ ಅನಿಲದ ಮೋಡಗಳಿವೆ ಕಣೇ," ಎನ್ನುತ್ತಿದ್ದ ನನಗೆ. "ಬೆಚ್ಚಗಾದ್ರೆ ಆ ಅನಿಲ ಚದುರಿಹೋಗುತ್ತೆ. ಕೊರೆಯೋ ಥಂಡಿ ಇದ್ರೆ ಮಾತ್ರ ಹತ್ತಿರ ಹತ್ತಿರ ಬಂದು, ಕೂಡಿಕೊಂಡು, ನಕ್ಷತ್ರ ಆಗುತ್ತೆ."

"ಶುರುವಾಯ್ತು ಇವರ ಪುರಾಣ," ಎಂದು ಅತ್ತೆ ಮೂಗು ಮುರಿಯುತ್ತಿದ್ದಳು.

ಅವರ ಒಬ್ಬಳೇ ಮಗಳು ಕೆಂಡದಂಥ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಮಾವ ಅವಳ ಕೋಣೆಯ ಹೀಟರ್ ಎತ್ತಿ ಹೊರಗಿಟ್ಟ. ಚಳಿಗಾಲದಲ್ಲೂ ಕಿಟಕಿ ತೆರೆದಿಟ್ಟ. ಕೆಲಸದಿಂದ ಬಂದವನೇ ಕೋಟು ಕೂಡ ಬಿಚ್ಚದೆ ಅವಳ ಮಂಚದ ಪಕ್ಕ ಕೂರುತ್ತಿದ್ದ.

ಒಂದು ದಿನ ಅತ್ತೆ ಸಿಡುಕಿದಳು: "ಏನ್ರೀ ಇದು ಹುಚ್ಚು? ಮನೆ ಮಸಣದ ಹಾಗೆ ಕೊರೀತಿದೆ!"

"ಬೆಚ್ಚಗಾದ್ರೆ ಅವಳು ಚದುರಿಹೋಗ್ತಾಳೆ ಕಣೇ," ಎಂದ ಮಾವ, ಮೆಲ್ಲಗೆ.

ನನಗೆ ರೇಗಿಹೋಯಿತು. ಮೋಡದ ಲೆಕ್ಕವನ್ನು ಮಂಚಕ್ಕೆ ಹಚ್ಚುವವನಿಗೆ ಬುದ್ಧಿ ಹೇಳುವವರು ಯಾರು?

ಈ ಚಳಿಗಾಲ ಮಾವನೂ ಹೋದ. ಅತ್ತೆಗೆ ಜೊತೆಯಾಗಲು ಬಂದ ನಾನು ಆ ಕೋಣೆಯಲ್ಲೇ ಮಲಗೋಣವೆಂದು ಕಿಟಕಿ ಮುಚ್ಚಿ, ಹೀಟರ್ ತಂದಿಟ್ಟೆ. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ಮಂಜುಗಡ್ಡೆಯಾಗಿದ್ದವು. ಮೈಮೇಲೆ ಮಾವನ ಕೋಟಿತ್ತು.

"ಹಾಕಬೇಡಮ್ಮಾ," ಎಂದಳು. "ಈಗ ಇಲ್ಲಿ ಇಬ್ಬರಿದ್ದಾರೆ."